ಹರಕೆ

ಹಳಗನ್ನಡದ ‘ಪರಸು’ ಎಂಬ ಕ್ರಿಯಾಪದದಿಂದ ‘ಪರಕೆ’ ಹುಟ್ಟಿತು. ಪಕಾರ ಹಕಾರವಾಗಿ ಇಂದಿನ ‘ಹರಕೆ’ಯಾಯಿತು. ಹಿರಿಯರು ಹರಸುವುದೂ ಕಷ್ಟದಲ್ಲಿದ್ದವರು ದೇವರಿಗೆ ಮಾತು ಕೊಡುವುದೂ ಒಂದೇ ಬೇರಿನವು. ಅದೇ ಬೇರಿನ ತಮಿಳು ಪದ ‘ಪರವು’ ಎಂದರೆ ಸ್ತುತಿಸು. ಹರಕೆ ದೇವರೊಡನೆ ಮಾಡುವ ಚೌಕಾಸಿ ಎಂಬ ಆಕ್ಷೇಪ ಹಗುರವಾದದ್ದಲ್ಲ. ‘ಮಗು ಗುಣವಾದರೆ’ ಎಂಬ ಷರತ್ತು ಎಷ್ಟೋ ಹರಕೆಗಳಲ್ಲಿ ಇದ್ದೇ ಇರುತ್ತದೆ. ಆದರೆ ಚೌಕಾಸಿಯಲ್ಲಿ ಇಬ್ಬರೂ ಮಾತಿಗೆ ಕಟ್ಟುಬೀಳುತ್ತಾರೆ, ಹರಕೆಯಲ್ಲಿ ಭಕ್ತರು ಮಾತ್ರ. ಹರಕೆ ‘ಹೊರುವುದು’ ಎನ್ನುವಾಗಲೇ ಆ ಭಾರ ಯಾರದೆಂದು ತಿಳಿಯುತ್ತದೆ. ಗದಗ ಸೀಮೆಯಲ್ಲಿ ದೀಡ ನಮಸ್ಕಾರ ಹಾಕುವವರನ್ನು ನೋಡಿ: ಒದ್ದೆ ಬಟ್ಟೆಯಲ್ಲೇ ಉದ್ದಕ್ಕೆ ಅಡ್ಡಬಿದ್ದು, ಕೈ ಚಾಚಿದಲ್ಲಿ ಗೆರೆ ಎಳೆದು, ಎದ್ದು ಆ ಗೆರೆಯಿಂದ ಮತ್ತೆ ಅಡ್ಡಬೀಳುತ್ತಾರೆ. ಬೇಡಿದ್ದು ಕೈಗೂಡದಿದ್ದರೂ ಹರಕೆ ಮುಟ್ಟಿಸುವವರಿದ್ದಾರೆ. ಬರೀ ವ್ಯಾಪಾರವಾಗಿದ್ದರೆ ಅದು ಅಲ್ಲಿಗೇ ಮುರಿದುಬೀಳಬೇಕಿತ್ತು.