ಹಗ್ಗ ಹಿಡಿದ ಇಬ್ಬರು

ನಮ್ಮದು ಮುಂಡಗೋಡ. ಚಿಕ್ಕಂದಿನಲ್ಲಿ ಹೋಳಿಗೆ ಶಿರಸಿಯ ಸೋದರಮಾವನ ಮನೆಗೆ ಹೋಗುತ್ತಿದ್ದೆವು, ಬೇಡರ ವೇಷ ನೋಡಲು. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯಿಲ್ಲದ ವರ್ಷದ ಹೋಳಿಗೆ ಈ ವೇಷ. ರಾತ್ರಿ ಓಣಿಯ ತುದಿಯಲ್ಲಿ ತಮಟೆ ಕೇಳಿದರೆ ಸಾಕು, ನಾನು ಅತ್ತೆಯ ಸೆರಗಿನ ಹಿಂದೆ ಅಡಗುತ್ತಿದ್ದೆ. ಬೆನ್ನಿಗೆ ನವಿಲುಗರಿ, ಬಣ್ಣ ಬಳಿದ ಮುಖ, ದಪ್ಪ ಮೀಸೆ, ಕೈಯಲ್ಲಿ ಕತ್ತಿ ಗುರಾಣಿ. ಮೈಮೇಲೆ ಎರಗುವವನಂತೆ ನುಗ್ಗಿ ಬರುವ ಅವನನ್ನು ಹಿಂದಿನಿಂದ ಇಬ್ಬರು ಹಗ್ಗದಲ್ಲಿ ಎಳೆದು ಹಿಡಿದಿರುತ್ತಿದ್ದರು.

ಆ ಹಗ್ಗದ ಅರ್ಥ ಹೊಳೆದದ್ದು ಬಹಳ ತಡವಾಗಿ, ನೈಜೀರಿಯಾದ ಇಗ್ಬೊ ಜನರ ಮುಖವಾಡಗಳ ಬಗ್ಗೆ ಓದುವಾಗ. ಅಲ್ಲಿ ಮುಖವಾಡ ತೊಟ್ಟವನು ಆ ಹೊತ್ತಿಗೆ ಊರಿನ ಯಾರೋ ಒಬ್ಬನಲ್ಲ, ಮಣ್ಣಿನಡಿಯಿಂದ ಎದ್ದುಬಂದ ಹಿರಿಯ. 1958ರಲ್ಲಿ ಬಂದ ಚಿನುವ ಅಚೆಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯಲ್ಲಿ ಇಂಥ ಒಂಬತ್ತು ವೇಷಗಳು ಊರ ಬಯಲಲ್ಲಿ ಕೂತು ನ್ಯಾಯ ಹೇಳುತ್ತವೆ. ಹೆಂಡತಿಯನ್ನು ಹೊಡೆದ ಗಂಡನೊಬ್ಬನಿಗೆ, ಹೆಂಡ ಒಯ್ದು ಮಾವನ ಮನೆಯವರ ಮುಂದೆ ಬೇಡಿಕೊಂಡು ಅವಳನ್ನು ಕರೆತಾ ಎನ್ನುತ್ತವೆ. ಹೆಂಗಸರು ಮಾತ್ರ ದೂರದಿಂದ ನೋಡಬೇಕು. ಮುಂದೆ ಹೊಸ ಧರ್ಮಕ್ಕೆ ಸೇರಿದವನೊಬ್ಬ ಒಂದು ವೇಷದ ಮುಖವಾಡ ಕಿತ್ತಾಗ ಊರೇ ನಡುಗುತ್ತದೆ. ಬ್ರಿಟಿಷರ ಕೋರ್ಟು ಬಂದ ಮೇಲೆ ಮುಖವಾಡಗಳ ತೀರ್ಪಿಗೆ ಹಿಂದಿನ ಬಲ ಉಳಿಯಲಿಲ್ಲ, ಕುಣಿತ ಉಳಿಯಿತು.

ಅಲ್ಲಿ ವೇಷ ನ್ಯಾಯಾಧೀಶ. ಶಿರಸಿಯಲ್ಲಿ ವೇಷ ಆರೋಪಿ.

ಜನ ಹೇಳುವ ಕಥೆಯಲ್ಲಿ ಮಲ್ಲೇಶಿ ಎಂಬ ಬೇಡರ ಯುವಕ ಊರ ಕಾವಲಿಗೆ ನಿಂತವನು. ಕಾಯಬೇಕಾದವನೇ ಹೆಂಗಸರನ್ನು ಪೀಡಿಸತೊಡಗಿದ. ದಾಸಪ್ಪಶೆಟ್ಟಿಯ ಮಗಳು ರುದ್ರಾಂಬಿಕೆ ತನ್ನ ಬದುಕನ್ನೇ ಪಣಕ್ಕಿಟ್ಟು ಅವನನ್ನು ಮಣಿಸಿದಳು. ಜನ ಅವನನ್ನು ಹಿಡಿದು ಸುಟ್ಟರು, ಅವಳೂ ಉಳಿಯಲಿಲ್ಲ. ಹಾಗಾದರೆ ಆ ಹಗ್ಗ ಊರು ಕೊಟ್ಟ ತೀರ್ಪು. ಎರಡು ವರ್ಷಕ್ಕೊಮ್ಮೆ ಅಪರಾಧಿಯನ್ನು ಬೀದಿಗೆ ತಂದು, ಇವನನ್ನು ಹಿಡಿದವರು ನಾವು ಎಂದು ಊರು ತನಗೆ ತಾನೇ ನೆನಪಿಸಿಕೊಳ್ಳುತ್ತದೆ.

ಈ ತೀರ್ಪಿನಲ್ಲೂ ಬಿರುಕುಗಳಿವೆ. ಒಬ್ಬನ ತಪ್ಪು ಇಡೀ ಸಮುದಾಯದ ಹೆಸರಿಗೆ ಅಂಟಿಕೊಂಡು 'ಬೇಡರ ವೇಷ'ವಾಯಿತು. ಬೇಡರ ಕೇರಿಯಲ್ಲಿ ಈ ಕಥೆಯನ್ನು ಹೇಗೆ ಹೇಳಿಯಾರು ಎಂದು ನಾವು ಕೇಳುವುದಿಲ್ಲ. ಇನ್ನು ರುದ್ರಾಂಬಿಕೆಯ ಹೆಸರು ಈ ಕುಣಿತಕ್ಕೆ ಇಲ್ಲವೇ ಇಲ್ಲ.

ಕಳೆದ ಸಲ ಹೋದಾಗ ಓಣಿಯ ತುಂಬ ಮೊಬೈಲ್ ಬೆಳಕು. ವೇಷಧಾರಿ ನುಗ್ಗಿದಷ್ಟೂ ಶಿಳ್ಳೆ. ವಿಡಿಯೊ ಮಾಡುವವರು ಅವನ ಮುಖವನ್ನಷ್ಟೇ ಹಿಡಿಯುತ್ತಿದ್ದರು. ಹಗ್ಗ ಚೌಕಟ್ಟಿನ ಆಚೆ. ನನ್ನ ಪಕ್ಕದಲ್ಲಿದ್ದ ಕಾಲೇಜು ಹುಡುಗಿಗೆ ರುದ್ರಾಂಬಿಕೆಯ ಬಗ್ಗೆ ಹೇಳಿದೆ. "ಹೌದಾ? ನಾನು ಇವನೇ ಹೀರೋ ಅಂದುಕೊಂಡಿದ್ದೆ" ಅಂದಳು.

ಜನ ಹೆಚ್ಚಿದ್ದಾರೆ, ಆಚರಣೆ ಸೊರಗಿಲ್ಲ. ಆದರೆ ಹಗ್ಗ ಯಾಕಿದೆ ಎಂಬುದು ಮರೆತರೆ ಉಳಿಯುವುದು ಬೀದಿಯಲ್ಲಿ ನುಗ್ಗುವ ಗಂಡಸು, ಅವನಿಗೊಂದು ಚಪ್ಪಾಳೆ. ಅದಕ್ಕೇ ಈಗ ನಾನು ವೇಷಕ್ಕಿಂತ ಹೆಚ್ಚಾಗಿ ಅದರ ಹಿಂದೆ ಬೆವರುತ್ತಾ ಕಾಲೂರಿ ನಿಂತ ಆ ಇಬ್ಬರನ್ನು ನೋಡುತ್ತೇನೆ.