ನಮ್ಮ ಚಾಳದ ಬಿಸಿನೀರಿನ ಕಥೆ

ಹೋದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಆಫೀಸಿನ ಮೀಟಿಂಗ್ ನಡುವೆಯೇ ಗೋಕಾಕದಿಂದ ಅತ್ತಿಯ ಫೋನು.

"ತಮ್ಮಾ, ಮೂರನೇ ಖೋಲಿ ಹುಡುಗಿ ಬಚ್ಚಲದಾಗ ಎಚ್ಚರ ತಪ್ಪಿ ಬಿದ್ದಿದ್ಲು. ಬಾಗಲಾ ಮುರದು ಹೊರಗ ತಂದೇವಿ. ಈಗ ಆರಾಮ ಅದಾಳ. ನೀ ಇಂಜಿನೀಯರ್ ಅದಿ, ಏನ್ ಮಾಡೂಣು ಹೇಳು."

ನಾನು ಬರೆಯೋದು ಬ್ಯಾಂಕಿನ ಸಾಫ್ಟ್‌ವೇರ್. ಆದರೆ ಅತ್ತಿಯ ಪ್ರಕಾರ ಇಂಜಿನೀಯರ್ ಅಂದಮೇಲೆ ಫ್ಯಾನೂ ಗೊತ್ತಿರಬೇಕು, ಪಂಪ್‌ಸೆಟ್ಟೂ ಗೊತ್ತಿರಬೇಕು :-) ಈ ಸಲ ಮಾತ್ರ ಕಾರಣ ಗೊತ್ತಿತ್ತು. ಗ್ಯಾಸ್ ಗೀಸರ್. ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಗ್ಯಾಸು ಉರಿದು ಗಾಳಿ ಸಾಲದೇ ಹೋದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಯಾಕೆ ಅಷ್ಟು ಸಣ್ಣದು ಅನ್ನೋದೂ ನನಗೆ ಗೊತ್ತಿತ್ತು. ಅದಕ್ಕೆ ಆಮೇಲೆ ಬರ್ತೀನಿ.

ಆ ವಾರ ಊರಿಗೆ ಹೋದೆ. ಸಂಜೆ ಅತ್ತಿಯ ಜೊತೆ, ಹಳೇ ಬಾಡಿಗೆಯವರ ಜೊತೆ ಕೂತು ಮಾತಾಡಿದಾಗ ಈ ಚಾಳದಲ್ಲಿ ನೀರು ಕಾಯಿಸಿದ ಇತಿಹಾಸವೇ ಹೊರಬಂತು. ಬರೆದಿಡೋಣ ಅನ್ನಿಸಿತು.

ನಮ್ಮ ಮುತ್ಯಾ ಗೋಕಾಕ ಫಾಲ್ಸ್‌ನ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. 1880ರ ದಶಕದಲ್ಲಿ ಘಟಪ್ರಭೆಯ ನೀರಿನ ಬಲ ನೆಚ್ಚಿಕೊಂಡೇ ಶುರುವಾದ ಗಿರಣಿ ಅದು. ಉಳಿಸಿದ ದುಡ್ಡಿನಲ್ಲಿ ಅವರು ಊರೊಳಗೆ ಐದು ಖೋಲಿಯ ಚಾಳ ಕಟ್ಟಿಸಿದರು. ಐದು ಮನೆಗೂ ಕೂಡಿ ಹಿತ್ತಲಲ್ಲಿ ಒಂದೇ ಬಚ್ಚಲು, ಒಲೆ ಮೇಲೆ ಮಣ್ಣು ಮೆತ್ತಿ ಕೂಡಿಸಿದ ಒಂದೇ ತಾಮ್ರದ ಹಂಡೆ. ಹಂಡೆ ಮಾಲಕರದ್ದು, ಉರುವಲು ಬಾಡಿಗೆಯವರದ್ದು. ಜಾಲಿ ಕಟಗಿ, ಕುಳ್ಳು, ಹತ್ತಿ ಕಟಗಿ, ಯಾರ ಕೈಗೆ ಏನು ಸಿಕ್ಕರೆ ಅದು. ಮೊದಲನೇ ಪಾಳಿಗೆ ಹೋಗುವವರು ನಸುಕಿನಲ್ಲಿ ಉರಿ ಹಾಕಬೇಕು. ಆಮೇಲೆ ಎದ್ದವರಿಗೆ ಕೆಂಡದ ಬಿಸಿ ಪುಕ್ಕಟೆ. ಜಗಳ ಆಗದೇ ಇರುತ್ತಾ? "ನನ್ನ ಕಟಗಿ, ನಿನ್ನ ಜಳಕ" ಅನ್ನೋದು ನಮ್ಮ ಚಾಳದ ಗಾದೆಯೇ ಆಗಿತ್ತಂತೆ.

ಅದಕ್ಕೆ ಸ್ವಲ್ಪ ಅನುಕೂಲ ಇದ್ದವರು ಬಂಬ ತಂದುಕೊಂಡರು. ಬೆಳಗಾವಿ ಕಡೆಯವರಿಗೆ ಬಂಬ ಅಂದರೆ ವಿವರಿಸಬೇಕಿಲ್ಲ. ಉಳಿದವರಿಗೆ: ಎತ್ತರದ ತಾಮ್ರದ ಪಾತ್ರೆ, ನಟ್ಟ ನಡುವೆ ಒಂದು ಕೊಳವೆ, ಕೊಳವೆಯೊಳಗೆ ಕೆಂಡ, ಸುತ್ತಲೂ ನೀರು, ಕೆಳಗೆ ನಲ್ಲಿ. ಉರಿ ನೀರಿನ ಹೊಟ್ಟೆಯೊಳಗೇ ಇರೋದರಿಂದ ಹಂಡೆಗಿಂತ ಕಡಿಮೆ ಕಟಗಿಯಲ್ಲಿ ಕಾಯುತ್ತದೆ. ಅದಕ್ಕಿಂತ ಮುಖ್ಯ, ಖೋಲಿ ಬಿಡುವಾಗ ಎತ್ತಿ ಚಕ್ಕಡಿಯಲ್ಲಿಟ್ಟುಕೊಂಡು ಹೋಗಬಹುದು.

ಮೂಡಲಗಿಯಲ್ಲಿ ನಮ್ಮ ಕಾಕಾ ನಾಲ್ಕು ಮನೆಯ ಒಂದು ವಠಾರದಲ್ಲಿ ಬಾಡಿಗೆಗಿದ್ದರು (ಆಗ ಮೂಡಲಗಿ ಗೋಕಾಕ ತಾಲೂಕಿನಲ್ಲೇ ಇತ್ತು). ಅಲ್ಲಿ ಕಬ್ಬು ಇದ್ದದ್ದರಿಂದ ರವದಿಗೆ ಬರವಿರಲಿಲ್ಲ. ರವದಿ ಭರ್ರನೆ ಉರಿದು ಬೂದಿಯಾಗುತ್ತದೆ, ಒಬ್ಬರು ಒಲೆ ಮುಂದೆ ಕೂತೇ ಇರಬೇಕು. ಆ ಒಬ್ಬರು ಯಾವಾಗಲೂ ಕಾಕು. ಅವರ ಕಣ್ಣಿನ ಹೊಗೆ ಯಾರ ಲೆಕ್ಕದಲ್ಲೂ ಬರಲಿಲ್ಲ.

ಒಲೆ ಸುಧಾರಿಸುವ ಯೋಚನೆ ಯಾರೂ ಮಾಡಲಿಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಸ್ತ್ರ ಎಂಬ ವಿಭಾಗ ಶುರು ಮಾಡಿದರು. ಅವರು ಹಳ್ಳಿಯ ಸೌದೆ ಲೆಕ್ಕ ಹಾಕುವಾಗ ಅಡುಗೆಯ ಜೊತೆ ಸ್ನಾನದ ನೀರನ್ನೂ ಬೇರೆಯಾಗಿ ಲೆಕ್ಕ ಹಾಕಿದರು. ಅಲ್ಲಿಂದ ಬಂದ ಅಸ್ತ್ರ ಒಲೆಯನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಒಳ್ಳೇ ಒಲೆ. ಆದರೆ ಅದು ಕಟ್ಟುವ ಒಲೆ. ಹನ್ನೊಂದು ತಿಂಗಳ ಕರಾರಿನ ಮೇಲಿರುವವನು ಪರರ ಗೋಡೆಗೆ ಯಾಕೆ ಒಲೆ ಕಟ್ಟಿಸುತ್ತಾನೆ? ಮಾಲಕ ಯಾಕೆ ಕಟ್ಟಿಸುತ್ತಾನೆ, ಕಟಗಿ ದುಡ್ಡು ಅವನ ಕಿಸೆಯದ್ದಲ್ಲವಲ್ಲ? ನಮ್ಮ ಚಾಳಕ್ಕಂತೂ ಅದು ಬರಲಿಲ್ಲ.

ಕರೆಂಟಿನ ಕಥೆಗೆ ಹುಕ್ಕೇರಿಗೆ ಹೋಗಬೇಕು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿದ ಕಾಲಕ್ಕೆ ದೇಶದಲ್ಲಿ ಪ್ರಯೋಗಕ್ಕೆಂದು ಐದು ಕಡೆ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಾದವು. ಅವುಗಳಲ್ಲಿ ಒಂದು ಹುಕ್ಕೇರಿಯದು. ಕರ್ನಾಟಕದಲ್ಲಿ ಇಂಥದ್ದು ಇದೊಂದೇ. ಗೋಕಾಕದವರು ಮೊದಲು ಕೆ.ಇ.ಬಿ., ಈಗ ಹೆಸ್ಕಾಂ ಬಿಲ್ಲು ಕಟ್ಟಿದರೆ ಹುಕ್ಕೇರಿಯವರದು ತಮ್ಮದೇ ಸೊಸೈಟಿ. ನಮ್ಮ ಮಾಮಾ ಅಲ್ಲಿ ಬಾಡಿಗೆಗಿದ್ದಾಗ ಮೂರು ಮನೆಗೆ ಒಂದೇ ಮೀಟರು. ಮಾಲಕರ ಮೊದಲ ಷರತ್ತು: "ಹೀಟರ್ ರಾಡ್ ಹಚ್ಚಬಾರ್ದು." ಮಾಮಾ ಹಚ್ಚುತ್ತಿದ್ದರು. ಮಾಲಕರು ಪೂಜೆಗೆ ಕೂತ ಹೊತ್ತು ನೋಡಿ, ಬಾಗಿಲು ಹಾಕಿಕೊಂಡು. 18 ಲೀಟರ್ ಬಕೀಟು ನೀರನ್ನು 20 ಡಿಗ್ರಿ ಬಿಸಿ ಮಾಡಲು 1500 ವ್ಯಾಟಿನ ರಾಡಿಗೆ ಸುಮಾರು 17 ನಿಮಿಷ ಬೇಕು. ಪೂಜೆ ಅಷ್ಟು ಹೊತ್ತು ನಡೆಯುತ್ತಿತ್ತೋ ಏನೋ!

2007ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ನಗರ ಪಟ್ಟಣಗಳಲ್ಲಿ 600 ಚದರ ಅಡಿ ಮೀರಿದ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಬೆಂಗಳೂರಿನ ಮಾಳಿಗೆಗಳ ಮೇಲೆ ಟ್ಯಾಂಕುಗಳು ಸಾಲುಗಟ್ಟಿದವು. ನಮ್ಮ ಖೋಲಿಗಳು 600 ಅಡಿಯ ಹತ್ತಿರವೂ ಬರುವುದಿಲ್ಲ.

ಆಮೇಲೆ 2019ರ ಆಗಸ್ಟ್. ಘಟಪ್ರಭೆ, ಮಾರ್ಕಂಡೇಯ ಎರಡೂ ತುಂಬಿ ಗೋಕಾಕದೊಳಗೆ ನೀರು ಬಂತು. ನಮ್ಮ ಹಿತ್ತಲಿನ ಬಚ್ಚಲು ಗೋಡೆಸಮೇತ ಕುಸಿಯಿತು. ಹಂಡೆ ಕೆಸರಿನಲ್ಲಿ ಸಿಕ್ಕಿತು, ಗುಜರಿಗೆ ಹೋಯಿತು. ಮತ್ತೆ ಕಟ್ಟುವಾಗ ಪ್ರತಿ ಖೋಲಿಗೂ ಒಳಗೇ ಬಚ್ಚಲು ಮಾಡಿದೆವು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಖರ್ಚಿನ ಎಕ್ಸೆಲ್ ಶೀಟ್ ಮಾಡಿದವನು ನಾನೇ. ಸೋಲಾರ್ ಇದ್ದ ಸಾಲು ಅಳಿಸಿದ್ದೂ ನಾನೇ, ಹಿಂದಿನ ಗೋಡೆಯ ಕಿಟಕಿಗಳ ಬದಲು ಒಂದೊಂದು ಸಣ್ಣ ಗವಾಕ್ಷಿ ಸಾಕು ಅಂದಿದ್ದೂ ನಾನೇ. "ಬಿಸಿನೀರು ಅವರವರು ನೋಡಿಕೊಳ್ತಾರೆ" ಅಂದಿದ್ದು ಇನ್ನೂ ನೆನಪಿದೆ.

ಅವರವರು ನೋಡಿಕೊಂಡರು. ಗೋಡೆಗೆ ಎರಡು ಮೊಳೆ ಹೊಡೆದರೆ ಗ್ಯಾಸ್ ಗೀಸರ್ ಸಿದ್ಧ, ಬಿಡುವಾಗ ಬಿಚ್ಚಿಕೊಂಡು ಹೋದರಾಯಿತು. ಬಂಬದ ಮೊಮ್ಮಗ ಅದು. ಚಳಿಗಾಲದಲ್ಲಿ ಗವಾಕ್ಷಿಗೆ ರಟ್ಟು ಬಡಿದಿದ್ದರು.

ಹಿತ್ತಲಲ್ಲಿ ಐದೂ ಮನೆಯವರನ್ನು ಕೂಡಿಸಿದೆವು. ನಾನು ಸೋಲಾರ್ ಲೆಕ್ಕ ತೋರಿಸಿದೆ: ಮನೆಗೆ 100 ಲೀಟರ್, ಒಟ್ಟು 500. ಎರಡನೇ ಖೋಲಿಯವರು ನಕ್ಕರು. "ಹಾಕಸ್ರಿ ಅಕ್ಕಾರ, ಖರೆ ಬಾಡಗಿ ಏರಸಬ್ಯಾಡ್ರಿ. ನಮಗ ಕರೆಂಟ್ ಹೆಂಗೂ ಪುಕ್ಕಟೆ ಐತಿ." 2023ರ ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು, ನಮ್ಮಲ್ಲೀಗ ಐದು ಮೀಟರು. ದಿನಕ್ಕೆ ನಾಲ್ಕು ಬಕೀಟು ಅಂದರೂ ರಾಡಿಗೆ ತಿಂಗಳಿಗೆ 50 ಯೂನಿಟ್, ಹಳೇ ಸರಾಸರಿ ಮೀರದಿದ್ದರೆ ಬಿಲ್ಲು ಸೊನ್ನೆ. ಅತ್ತಿಯೂ ಕೇಳಿದರು, "ಹಂಗಾರ ನಾ ಯಾಕ ರೊಕ್ಕಾ ಹಾಕ್ಲಿ?" ಇಬ್ಬರದ್ದೂ ಖರೇನೇ. ಅದರ ಮೇಲೆ ಐದನೇ ಖೋಲಿಗೆ 60 ಅಡಿ ಪೈಪು ಬೇಕು. ಮುಕ್ಕಾಲು ಇಂಚಿನ ಪೈಪಾದರೆ ಬಿಸಿನೀರು ಬರುವ ಮೊದಲು 5 ಲೀಟರ್ ತಣ್ಣೀರು ಸುರಿಯಬೇಕು.

ಕೊನೆಗೆ ಹೀಗಾಯಿತು. ಹಿಂದಿನ ಗೋಡೆಯಲ್ಲಿ ಐದೂ ಕಿಟಕಿ ದೊಡ್ಡದು ಮಾಡಿಸಿದೆವು, ದುಡ್ಡು ನನ್ನದು. ಇದ್ದ ಮೂರು ಗ್ಯಾಸ್ ಗೀಸರ್‌ಗಳನ್ನು ಹೊರಗೋಡೆಗೆ ತಂದು, ಮೇಲೆ ತಗಡಿನ ಮಾಡು ಹಾಕಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬಿಟ್ಟೆವು. ಮೊದಲ ಎರಡು ಖೋಲಿಗೆ ಕೂಡಿ 200 ಲೀಟರಿನ ಸೋಲಾರ್ ಬಂತು, ಬಾಡಿಗೆ ಏರಿಸದೆ. ಉಳಿದ ಮೂರರದ್ದು ಮುಂದಿನ ವರ್ಷ ಅಂತ ಅತ್ತಿ ಹೇಳಿದ್ದಾರೆ.

ನಾಲ್ಕನೇ ಖೋಲಿಯವರು ಮೇ ತಿಂಗಳಲ್ಲಿ ಬಿಡುತ್ತಾರಂತೆ. ಗೀಸರ್ ಬಿಚ್ಚಿಕೊಂಡು ಹೋಗಬಹುದಾ ಅಂತ ಮೊನ್ನೆ ಫೋನ್ ಮಾಡಿ ಕೇಳಿದರು. ಗೀಸರ್ ನಿಮ್ಮದೇ, ಪೈಪು ಬಿಟ್ಟು ಹೋಗ್ರಿ ಅಂದೆ. ಹೊಸ ಮನೆಯಲ್ಲಿ ಅದನ್ನು ಹೊರಗೋಡೆಗೇ ಹಾಕಿಸ್ರಿ ಅಂತಲೂ ಹೇಳಿದೆ. "ಅಲ್ಲಿ ಹೊರಗೋಡಿ ಮಂದೀದ ಐತ್ರಿ" ಅಂದರು.