ಮೊರೇರ ಬೆಟ್ಟದ ಕಲ್ಲುಮನೆಗಳು

ಅಪ್ಪ ಕಲ್ಲು ಒಡೆಯುತ್ತಿದ್ದ. ಹಾಗಾಗಿ ಯಾವ ಬೆಟ್ಟ ಕಂಡರೂ ಬಂಡೆ ಎತ್ತ ಸೀಳೀತು ಎಂದು ಲೆಕ್ಕ ಹಾಕುವ ಚಟ ನನಗೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟ ಹತ್ತಿದಾಗ ಓದಿದ ಇತಿಹಾಸಕ್ಕಿಂತ ಈ ಚಟವೇ ಹೆಚ್ಚು ಉಪಯೋಗಕ್ಕೆ ಬಂತು.

ಊರು ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ಭತ್ತದ ಗದ್ದೆಗಳ ಹಸಿರು ಹಿಂದೆ ಬಿದ್ದದ್ದೇ ಗುಂಡುಗಳ ಮೇಲೆ ಗುಂಡು ಪೇರಿಸಿದಂಥ ಗುಡ್ಡಸಾಲು. ಒಬ್ಬನೇ ಹೊರಟಿದ್ದೆ. ಕುರಿ ಕಾಯುವ ಹುಡುಗ ತಡೆದು ನಿಲ್ಲಿಸಿದ: “ಒಬ್ರ ಹೊಂಟೀರೇನ್ರಿ ಕಾಕಾ? ಕರಡಿ ಅದಾವು, ಸಪ್ಪಳ ಮಾಡ್ಕೋಂತ ಹೋಗ್ರಿ.” ಗಂಟಲು ಚೆನ್ನಾಗಿಲ್ಲದಿದ್ದರೂ ದಾರಿಯುದ್ದಕ್ಕೂ ಹಾಡಿಕೊಂಡೇ ಹೋದೆ. ಕೇಳಿದ್ದರೆ ಕರಡಿಯೇ ಊರು ಬಿಡುತ್ತಿತ್ತು. ಮೈಗೆ ಮುಳ್ಳು ತರಚುತ್ತದೆ, ಬಂಡೆಯಿಂದ ಬಂಡೆಗೆ ಕಾಲಿಡಬೇಕು. ನಡುವೆ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ: ಜಿಂಕೆ, ದನ, ಕೈ ಹಿಡಿದು ಕುಣಿಯುವ ಮಂದಿ.

ಮೇಲಿನ ಬಯಲಿಗೆ ಬಂದರೆ ಅದೊಂದು ಊರೇ. ಸುಮಾರು 400 ಕಲ್ಲುರಚನೆಗಳು. ಕ್ರಿಸ್ತಪೂರ್ವ 800ರಿಂದ 200ರ ನಡುವಿನವು, ಕಬ್ಬಿಣಯುಗದ ಬೃಹತ್ ಶಿಲಾಸಮಾಧಿಗಳು ಎಂದು ವಿದ್ವಾಂಸರು ಹೇಳುತ್ತಾರೆ. ಸುತ್ತಲಿನವರು ಹೇಳುವುದೇ ಬೇರೆ: ಮೊರೇರು ಎಂಬ ಕುಳ್ಳ ಜನ ಇಲ್ಲಿದ್ದರು, ಇವು ಅವರ ಮನೆಗಳು. ಗೋಡೆ, ಮಾಡು, ಕಿಂಡಿ ಎಲ್ಲ ಇರುವುದನ್ನು ಮನೆ ಅನ್ನದೆ ಇನ್ನೇನನ್ನಬೇಕು? ಸತ್ತವರಿಗೂ ಮನೆ ಬೇಕೆಂದು ನಂಬಿದವರು ಕಟ್ಟಿದ್ದು. ಮೊರೇರ ಕತೆ ಸತ್ಯದಿಂದ ತೀರಾ ದೂರವೇನಿಲ್ಲ.

ಒಂದು ಮನೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ನಾಲ್ಕು ಕಲ್ಲಿನ ಹಲಗೆ, ಮೇಲೊಂದು ಚಪ್ಪಡಿ. ಗಾರೆಯಿಲ್ಲ, ಮೊಳೆಯಿಲ್ಲ. ಒಂದು ಹಲಗೆಯ ಅಂಚು ಪಕ್ಕದ ಹಲಗೆಯನ್ನು ದಾಟಿ ನಿಂತಿದೆ. ಒಂದು ಒಳಕ್ಕೆ ವಾಲದಂತೆ ಇನ್ನೊಂದು ತಡೆಯುತ್ತದೆ, ಚಪ್ಪಡಿಯ ಭಾರ ಎಲ್ಲವನ್ನೂ ಒತ್ತಿ ಹಿಡಿಯುತ್ತದೆ. ಎದುರಿನ ಹಲಗೆಯಲ್ಲಿ ಗುಂಡನೆಯ ಕಿಂಡಿ. ಹಂಪಿಯ ಬಂಡೆಗಳಲ್ಲಿ ಬೆಣೆ ಹೊಡೆದ ಗುಳಿಗಳ ಸಾಲು ಎದ್ದು ಕಾಣುತ್ತದಲ್ಲ, ಅಂಥದ್ದು ಇಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಈ ಬಂಡೆಗಳು ಬಿಸಿಲು ಮಳೆಗೆ ಈರುಳ್ಳಿಯ ಹಾಗೆ ಪದರ ಪದರವಾಗಿ ಏಳುತ್ತವೆ. ಎದ್ದ ಪದರವನ್ನು ಎಬ್ಬಿಸಿ, ಅಂಚು ಕೆತ್ತಿ, ನಿಲ್ಲಿಸಿದ್ದಾರೆ. ಕಲ್ಲು ತೆಗೆದ ತಗ್ಗಿನಲ್ಲಿ ನೀರು ನಿಂತು ಕೆರೆಯಾಗಿದೆ. ಕೆಲವು ಹಲಗೆ ಇಬ್ಬರಾಳೆತ್ತರ. ಹತ್ತಾರು ಜನ ಒಟ್ಟಾಗಿ ಉಸಿರು ಕಟ್ಟಿ ಎತ್ತದೆ ಇದು ಆಗುವ ಮಾತಲ್ಲ. ಅಂದರೆ ಸಾವು ಒಂದು ಮನೆಯದಾದರೂ ಕೆಲಸ ಊರಿನದು.

1835ರಲ್ಲಿ ಈ ಜಾಗವನ್ನು ನೋಡಿ ಮುಂದೆ ಅದರ ಬಗ್ಗೆ ಬರೆದವನು ಫಿಲಿಪ್ ಮೆಡೋಸ್ ಟೇಲರ್. ನಂತರ ಸುರಪುರದ ಆಡಳಿತ ನೋಡಿಕೊಂಡು, ಅಲ್ಲಿನವರ ಬಾಯಲ್ಲಿ ‘ಮಹದೇವ ಬಾಬಾ’ ಆದವನು. ಕಳೆದ ಶತಮಾನದಲ್ಲಿ ಅ. ಸುಂದರ ಅವರು ದಕ್ಷಿಣ ಭಾರತದ ಶಿಲಾಸಮಾಧಿಗಳ ಅಧ್ಯಯನದಲ್ಲಿ ಇವನ್ನೂ ಸೇರಿಸಿಕೊಂಡರು. 2021ರಲ್ಲಿ ಹಿರೇಬೆಣಕಲ್ಲಿನ ಹೆಸರು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಕಲ್ಲಿಗೆ ಕಾವಲು ಬರುವುದಿಲ್ಲ.

ಅನೇಕ ಮನೆಗಳು ಬಿದ್ದಿವೆ. ಕೆಲವು ಕಾಲಕ್ಕೆ ಬಿದ್ದವು, ಕೆಲವು ನಿಧಿಗಳ್ಳರ ಕೈಯಲ್ಲಿ. ಅವರಿಗೆ ಇಡೀ ಮನೆ ಒಡೆಯುವ ಶ್ರಮವೂ ಬೇಕಿಲ್ಲ: ಬುಡದಲ್ಲಿ ಅಗೆದು ಒಂದು ಹಲಗೆ ಸರಿಸಿದರೆ ಉಳಿದ ಮೂರಕ್ಕೆ ತಡೆ ತಪ್ಪುತ್ತದೆ, ಚಪ್ಪಡಿ ಕೆಳಗೆ ಬರುತ್ತದೆ. ಬಿದ್ದ ಚಪ್ಪಡಿ ಎರಡಾದರೆ ಮತ್ತೆ ಜೋಡಿಸುವ ವಿದ್ಯೆ ಅಪ್ಪನಿಗೂ ಗೊತ್ತಿರಲಿಲ್ಲ. ಇನ್ನೊಂದು ಕಾಟ ನೋಡಲು ಬರುವವರದು. ಎತ್ತರದ ಗುಂಡಿನ ಮೇಲೆ ನಗಾರಿಯಾಕಾರದ ದೊಡ್ಡ ಕಲ್ಲೊಂದಿದೆ. ಬಡಿದರೆ ಸದ್ದು ಒಂದು ಕಿ.ಮೀ. ಆಚೆಗೂ ಕೇಳುತ್ತದೆ. ಬಂದವರೆಲ್ಲ ಒಂದೊಂದು ಏಟು ಕೊಟ್ಟೇ ಹೋಗಬೇಕೆ?

ಇಲ್ಲಿಗೆ ಡಾಂಬರು ರಸ್ತೆ ಮಾಡಿ ಎಂದು ನಾನು ಕೇಳುವುದಿಲ್ಲ. ರಸ್ತೆ ಬಂದರೆ ನಿಧಿಗಳ್ಳರ ಜೀಪೂ ಬರುತ್ತದೆ. ಬೇಕಾಗಿರುವುದು ಈ ಬೆಟ್ಟದ ದಾರಿ, ಕರಡಿಯ ಜಾಡು ಎರಡೂ ತಿಳಿದ ಊರಿನ ನಾಲ್ಕು ಜನರಿಗೆ ಕಾಯಂ ಕಾವಲು ಕೆಲಸ. ನಾನು ಒಬ್ಬನೇ ಹೋದದ್ದನ್ನು ಮೇಲ್ಪಂಕ್ತಿ ಮಾಡಿಕೊಳ್ಳಬೇಡಿ. ಹೋಗುವುದಾದರೆ ಹಿರೇಬೆಣಕಲ್ಲಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ದಿನದ ಕೂಲಿ ಕೊಡಿ. ಹಲಗೆಗೆ ಒರಗಿ ಫೋಟೋ ತೆಗೆಸಿಕೊಳ್ಳಬೇಡಿ, ನಗಾರಿಗೆ ಕಲ್ಲು ಬೀಸಬೇಡಿ.